ಈ ಮಗುವಿನ ಡಾಕ್ಟರ್ ಯಾರು? ಒಂದು ಬಹಿರಂಗ ಪತ್ರ

ಮಕ್ಕಳ ಆಸ್ಪತ್ರೆಗಳನ್ನು ನಡೆಸುವವರಿಗೆ, ಮಕ್ಕಳ ವೈದ್ಯರಿಗೆ, ಜೆನೆಟಿಕ್ ಪರೀಕ್ಷೆಯ ವರದಿಯನ್ನು ನಮ್ಮಂಥವರ ಕೈಗೆ ಕೊಡುವ ಎಲ್ಲರಿಗೂ,

ನಮಸ್ಕಾರ.

ಆಸ್ಪತ್ರೆಯ ಯಾವ ಫಾರಂ ತೆಗೆದುಕೊಂಡರೂ ಅದರಲ್ಲಿ "ಮಗುವನ್ನು ನೋಡುತ್ತಿರುವ ವೈದ್ಯರ ಹೆಸರು" ಅಂತ ಒಂದು ಸಾಲು ಇರುತ್ತದೆ. ಆ ಸಾಲಿಗೆ ಬಂದಾಗಲೆಲ್ಲ ನನ್ನ ಪೆನ್ನು ನಿಂತುಬಿಡುತ್ತದೆ. ಫಿಟ್ಸ್ ನೋಡುವವರು ಒಬ್ಬರು, ಕಿಡ್ನಿ ನೋಡುವವರು ಇನ್ನೊಬ್ಬರು. ಕಿವಿಗೆ, ಹೊಟ್ಟೆಗೆ, ಹಲ್ಲಿಗೆ, ನಡವಳಿಕೆಗೆ, ಮೂಳೆಗೆ ಬೇರೆ ಬೇರೆ ಡಾಕ್ಟರು. ಒಟ್ಟು ಏಳು ಜನ. ಒಬ್ಬರ ಮೇಲೂ ನನಗೆ ಸಿಟ್ಟಿಲ್ಲ. ಅವರವರ ಭಾಗವನ್ನು ಚೆನ್ನಾಗಿಯೇ ನೋಡುತ್ತಾರೆ. ಆದರೆ ಮಗಳನ್ನು ಇಡಿಯಾಗಿ ನೋಡುವವರು ಯಾರೂ ಇಲ್ಲ. ಡಾಕ್ಟರ್ ಓದದ ನಾನು ಎಂಟು ವರ್ಷದಿಂದ ಆ ಕೆಲಸ ಮಾಡುತ್ತಿದ್ದೇನೆ. ಅದಕ್ಕೇ ಈ ಪತ್ರ.

ನಮ್ಮ ಮಗಳಿಗೆ ಈಗ 11 ವರ್ಷ. ಅವಳಿಗಿರುವುದು 22ಕ್ಯೂ13.3 ಡಿಲೀಷನ್. ಅಂದರೆ 22ನೇ ಕ್ರೋಮೋಸೋಮ್‌ನ ಉದ್ದ ತೋಳಿನ ತುದಿಯ ಒಂದು ತುಂಡು ಇಲ್ಲ. ಇದಕ್ಕೆ ಫೀಲನ್-ಮೆಕ್‌ಡರ್ಮಿಡ್ ಸಿಂಡ್ರೋಮ್ ಅಂತಲೂ ಹೆಸರಿದೆ. ಇದರ ಬಗ್ಗೆ ಕೆಲಸ ಮಾಡಿದ ಕೇಟಿ ಫೀಲನ್ ಮತ್ತು ಹೀದರ್ ಮೆಕ್‌ಡರ್ಮಿಡ್ ಎಂಬ ಇಬ್ಬರು ವಿಜ್ಞಾನಿಗಳಿಂದ ಬಂದ ಹೆಸರು ಅದು.

ಹುಟ್ಟಿದಾಗಿನಿಂದಲೂ ಮೈ ಸಡಿಲ. ಎತ್ತಿಕೊಂಡರೆ ಕೈಯಿಂದ ಜಾರಿ ಹೋಗುವ ಹಾಗೆ ಇರುತ್ತಿದ್ದಳು. ಎಂಟು ತಿಂಗಳಾದರೂ ಕತ್ತು ಸರಿಯಾಗಿ ನಿಲ್ಲಲಿಲ್ಲ. "ಕೆಲವು ಮಕ್ಕಳು ನಿಧಾನ, ಕಾಯಿರಿ" ಅಂದರು. ಕಾಯ್ದೆವು. ಎರಡು ವರ್ಷಕ್ಕೆ ಮಾತಿಲ್ಲ ಅಂದಾಗಲೂ ಕಾಯಲು ಹೇಳಿದರು. ಕೊನೆಗೆ ಮೂರು ವರ್ಷ ತುಂಬಿದ ಮೇಲೆ ಮೈಕ್ರೊಅರೇ ಪರೀಕ್ಷೆ ಆಯಿತು. ಕಾರಣ ಗೊತ್ತಾಗದೆ ಮಗುವಿನ ಬೆಳವಣಿಗೆ ಹಿಂದುಳಿದರೆ, ಆಟಿಸಂ ಲಕ್ಷಣ ಕಂಡರೆ, ಮೊದಲು ಮಾಡಿಸಬೇಕಾದ ಜೆನೆಟಿಕ್ ಪರೀಕ್ಷೆ ಮೈಕ್ರೊಅರೇ ಅಂತ ತಜ್ಞರು 2010ರಲ್ಲೇ ಒಮ್ಮತದಿಂದ ಹೇಳಿದ್ದಾರೆ. ಇದು ನನಗೆ ತಿಳಿದದ್ದು ವರದಿ ಬಂದ ಎಷ್ಟೋ ದಿನದ ಮೇಲೆ. ಕಾಯುವುದಕ್ಕೂ ಒಂದು ಮಿತಿ ಇರಬೇಕು ಅಲ್ವಾ?

ವರದಿ ಬಂದ ದಿನದ ಮಾತು ಹೇಳುತ್ತೇನೆ. ಆ ಆಸ್ಪತ್ರೆಯ ಹೆಸರು ಬೇಡ. ನಾವು ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಡಾಕ್ಟರ್ ಬಾಗಿಲಲ್ಲೇ ನಿಂತು ಎರಡು ಹಾಳೆ ಕೊಟ್ಟರು. "ಕ್ರೋಮೋಸೋಮ್ ತೊಂದರೆ ಇದೆ. ಇದಕ್ಕೆ ಔಷಧಿ ಇಲ್ಲ. ಥೆರಪಿ ಮುಂದುವರಿಸಿ" ಅಂದರು. ಅಷ್ಟೇ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇಲ್ಲದ ತುಂಡನ್ನು ತಂದು ಜೋಡಿಸುವ ಔಷಧಿ ಇವತ್ತಿಗೂ ಇಲ್ಲ. ಆದರೆ ಔಷಧಿ ಇಲ್ಲ ಅನ್ನುವುದಕ್ಕೂ ಮಾಡುವುದಕ್ಕೆ ಏನೂ ಇಲ್ಲ ಅನ್ನುವುದಕ್ಕೂ ಅಜಗಜಾಂತರ. ಬಾಗಿಲಲ್ಲಿ ನಿಂತು ಹೇಳಿದರೆ ಕೇಳುವವರ ಕಿವಿಗೆ ಎರಡೂ ಒಂದೇ ಆಗಿ ಬೀಳುತ್ತದೆ.

ಆ ರಾತ್ರಿ ನಾನೂ ನನ್ನ ಗಂಡನೂ ಆ ಹಾಳೆಗಳನ್ನು ಹರಡಿಕೊಂಡು ಕೂತೆವು. ಒಂದು ಸಾಲಿನಲ್ಲಿ ಎರಡು ದೊಡ್ಡ ದೊಡ್ಡ ಸಂಖ್ಯೆಗಳು. ಎಲ್ಲಿಂದ ಎಲ್ಲಿಯವರೆಗೆ ತುಂಡು ಇಲ್ಲ ಅನ್ನುವುದನ್ನು ಹೇಳುವ ಸಂಖ್ಯೆಗಳು ಅವು. 22ನೇ ಕ್ರೋಮೋಸೋಮ್‌ನಲ್ಲಿ ಸುಮಾರು 5.1 ಕೋಟಿ ಡಿಎನ್‌ಎ ಅಕ್ಷರಗಳಿವೆ ಅಂತ ಇಟ್ಟುಕೊಂಡರೆ, ನಮ್ಮ ಮಗಳಲ್ಲಿ ಕೊನೆಯ 41 ಲಕ್ಷ ಇಲ್ಲ. ಇದೇ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಲಕ್ಷಕ್ಕಿಂತಲೂ ಕಡಿಮೆ ಹೋಗಿರುತ್ತದೆ. ಇನ್ನು ಕೆಲವರಲ್ಲಿ 90 ಲಕ್ಷ ದಾಟಿರುತ್ತದೆ. ಆದ್ದರಿಂದ ಒಂದೇ ಹೆಸರಿನ ಇಬ್ಬರು ಮಕ್ಕಳು ಒಂದೇ ತರಹ ಇರಬೇಕಾಗಿಲ್ಲ. ಹೆಚ್ಚಿನವರಲ್ಲಿ ಹೋಗಿರುವ ಮುಖ್ಯ ಜೀನ್‌ನ ಹೆಸರು ಶ್ಯಾಂಕ್3. ಅದು ತುದಿಗೆ ತೀರ ಹತ್ತಿರದಲ್ಲಿದೆ. ಮಿದುಳಿನ ಒಂದು ನರಕೋಶ ಇನ್ನೊಂದರ ಜೊತೆ ಮಾತಾಡುವ ಜಾಗ ಇದೆಯಲ್ಲ, ಅಲ್ಲಿ ಕಟ್ಟಡಕ್ಕೆ ಸಾರವೆ ಕಟ್ಟಿದ ಹಾಗೆ ನಿಂತು ಆಸರೆ ಕೊಡುವ ಪ್ರೋಟೀನನ್ನು ಆ ಜೀನ್ ಮಾಡುತ್ತದೆ. ಇರಬೇಕಾದ ಎರಡು ಪ್ರತಿಗಳಲ್ಲಿ ಒಂದು ಇಲ್ಲದಿದ್ದರೆ ಸಾರವೆ ಅರ್ಧ ಆಗುತ್ತದೆ. ಮಾತು ತಡವಾಗುವುದು, ಕಲಿಕೆ ನಿಧಾನವಾಗುವುದು ಮುಖ್ಯವಾಗಿ ಇದರಿಂದ.

ಇಲ್ಲೊಂದು ಸಣ್ಣ ವಿಷಯ. ವರದಿಯ ಆ ಸಂಖ್ಯೆಗಳನ್ನು ಕ್ರೋಮೋಸೋಮ್‌ಗಳ ಯಾವ ನಕ್ಷೆಯ ಮೇಲೆ ಎಣಿಸಿದ್ದಾರೆ ಅನ್ನುವುದನ್ನೂ ಬರೆದಿರುತ್ತಾರೆ, 37 ಅಥವಾ 38 ಅಂತ. ನಕ್ಷೆ ಬದಲಾದರೆ ಅದೇ ಡಿಲೀಷನ್‌ಗೆ ಸಂಖ್ಯೆಗಳೂ ಬದಲಾಗುತ್ತವೆ. ಅದು ಗೊತ್ತಿಲ್ಲದೆ ನಾನು ಇನ್ನೊಂದು ಮಗುವಿನ ವರದಿಯ ಜೊತೆ ಹೋಲಿಸಿ, ನಮ್ಮವಳದು ಜಾಸ್ತಿ ಹೋಗಿದೆ ಅಂತ ವಾರಗಟ್ಟಲೆ ಅತ್ತಿದ್ದೆ. ವರದಿ ಕೊಡುವಾಗ ಯಾರಾದರೂ ಪಕ್ಕದಲ್ಲಿ ಕೂತು ಹತ್ತು ನಿಮಿಷ ವಿವರಿಸಿದ್ದರೆ ಆ ಅಳು ತಪ್ಪುತ್ತಿತ್ತು.

ನಮಗೆ ಹೇಳದೆ ಬಿಟ್ಟದ್ದು ಇನ್ನೂ ದೊಡ್ಡದು. ಮೈಕ್ರೊಅರೇ ಎಷ್ಟಿದೆ ಅಂತ ಎಣಿಸುತ್ತದೆ. ಹೇಗಿದೆ ಅಂತ ನೋಡುವುದಿಲ್ಲ. ಕೆಲವು ಮಕ್ಕಳಲ್ಲಿ 22ನೇ ಕ್ರೋಮೋಸೋಮ್‌ನ ಎರಡೂ ತುದಿ ಕಳಚಿ, ಒಂದಕ್ಕೊಂದು ಅಂಟಿ, ಬಳೆಯ ಆಕಾರಕ್ಕೆ ಬಂದಿರುತ್ತದೆ. ಅದನ್ನು ರಿಂಗ್ 22 ಅನ್ನುತ್ತಾರೆ. ಮೈಕ್ರೊಅರೇಯಲ್ಲಿ ಕಾಣುವುದು ತುಂಡು ಇಲ್ಲ ಅನ್ನುವುದಷ್ಟೇ, ಬಳೆ ಕಾಣುವುದಿಲ್ಲ. ಬಳೆ ಕಾಣಬೇಕಾದರೆ ಮೈಕ್ರೊಸ್ಕೋಪಿನಲ್ಲಿ ಕ್ರೋಮೋಸೋಮ್‌ಗಳನ್ನು ನೋಡುವ ಹಳೆಯ ಕ್ಯಾರಿಯೋಟೈಪ್ ಪರೀಕ್ಷೆಯೇ ಆಗಬೇಕು. ಬಳೆ ಇದ್ದರೇನು, ಇಲ್ಲದಿದ್ದರೇನು ಅನ್ನುವ ಹಾಗಿಲ್ಲ. ಕೋಶ ಒಡೆದು ಎರಡಾಗುವಾಗ ಈ ಬಳೆ ಕಳೆದುಹೋಗುವ ಸಂಭವ ಇದೆ. ಅದರ ಜೊತೆಗೆ ಗಡ್ಡೆ ಬೆಳೆಯದಂತೆ ತಡೆಯುವ ಎನ್‌ಎಫ್2 ಎಂಬ ಜೀನ್‌ನ ಒಂದು ಪ್ರತಿಯೂ ಹೋಗುತ್ತದೆ. ಹಾಗಾಗಿ ಇಂಥ ಮಕ್ಕಳಿಗೆ ಮುಂದೆ ಕಿವಿಯ ನರದ ಮೇಲೆ, ಮಿದುಳಿನ ಪೊರೆಯ ಮೇಲೆ ಗಡ್ಡೆ ಬೆಳೆಯುವ ಅಪಾಯ ಜಾಸ್ತಿ. ಅದನ್ನು ಮೊದಲೇ ಪತ್ತೆ ಹಚ್ಚಲು ಆಗಾಗ ತಪಾಸಣೆ ಬೇಕು.

ನಮ್ಮ ಮಗಳಿಗೆ ಕ್ಯಾರಿಯೋಟೈಪ್ ಆದದ್ದು ವರದಿ ಬಂದು ನಾಲ್ಕು ವರ್ಷದ ನಂತರ. ನಾನೇ ಓದಿ, ನಾನೇ ಕೇಳಿ ಮಾಡಿಸಿದ್ದು. ಬಳೆ ಇರಲಿಲ್ಲ. ಆ ದಿನ ನೆಮ್ಮದಿಯಾಗಿ ಉಸಿರು ಬಿಟ್ಟೆ. ಆದರೆ ಬಳೆ ಇದ್ದಿದ್ದರೆ? ಆ ನಾಲ್ಕು ವರ್ಷ ಯಾರ ಲೆಕ್ಕಕ್ಕೆ?

ಅದೇ ಹೊತ್ತಿಗೆ ನಮ್ಮಿಬ್ಬರ ರಕ್ತವನ್ನೂ ಪರೀಕ್ಷೆಗೆ ಕೊಟ್ಟೆವು. ಹತ್ತರಲ್ಲಿ ಸುಮಾರು ಎಂಟು ಮಕ್ಕಳಲ್ಲಿ ಈ ಡಿಲೀಷನ್ ಹೊಸದಾಗಿಯೇ ಆಗಿರುತ್ತದೆ. ಉಳಿದವರಲ್ಲಿ ಬಹಳಷ್ಟು ಸಲ ಅಪ್ಪ ಅಥವಾ ಅಮ್ಮನ ಕ್ರೋಮೋಸೋಮ್‌ಗಳ ತುಂಡುಗಳು ಜಾಗ ಅದಲುಬದಲಾಗಿರುತ್ತವೆ. ಅವರಿಗೆ ಏನೂ ತೊಂದರೆ ಇರುವುದಿಲ್ಲ, ಆದರೆ ಮುಂದಿನ ಮಗುವಿಗೂ ಇದೇ ಆಗಬಹುದು. ನಮ್ಮಿಬ್ಬರಲ್ಲಿ ಅಂಥದ್ದು ಏನೂ ಇರಲಿಲ್ಲ. ಮತ್ತೆ ಹೀಗಾಗುವ ಸಾಧ್ಯತೆ ಪೂರ್ತಿ ಇಲ್ಲವೇ ಇಲ್ಲ ಅನ್ನಲಾಗದು, ಆದರೆ ತೀರ ಕಡಿಮೆ ಅಂತ ಜೆನೆಟಿಕ್ಸ್ ಡಾಕ್ಟರ್ ಹೇಳಿದರು. ನಾವು ಆ ನಾಲ್ಕು ವರ್ಷ ಇನ್ನೊಂದು ಮಗುವಿನ ಆಸೆಯನ್ನೇ ಬಿಟ್ಟಿದ್ದೆವು. ಯಾರ ಕಡೆಯಿಂದ ಬಂತು ಅಂತ ಮನೆಯವರು ಕೇಳಿದ ಮಾತುಗಳನ್ನು ನುಂಗಿಕೊಂಡಿದ್ದೆವು. ಒಂದು ಪರೀಕ್ಷೆ, ಅದನ್ನು ಮಾಡಿಸಿ ಅಂತ ಒಂದು ಮಾತು. ಅಷ್ಟು ಸಾಕಾಗುತ್ತಿತ್ತು. ಉತ್ತರ ಬರುವಷ್ಟರಲ್ಲಿ ನನಗೆ ಧೈರ್ಯವೂ ವಯಸ್ಸೂ ಎರಡೂ ಕಡಿಮೆಯಾಗಿದ್ದವು.

ನಾನು ಇಷ್ಟು ಹೇಳುತ್ತಿರುವುದು ದೂರು ಕೊಡಲಿಕ್ಕೆ ಮಾತ್ರ ಅಂದುಕೊಳ್ಳಬೇಡಿ. ವರದಿ ಬಂದ ಮೇಲೆ ಏನೇನು ನೋಡಬೇಕು ಅನ್ನುವುದು ಗುಟ್ಟಿನ ವಿಷಯವೇನಲ್ಲ. ಈ ಸಿಂಡ್ರೋಮ್‌ಗೆ 2014ರಲ್ಲೇ ಮಾರ್ಗಸೂಚಿ ಪ್ರಕಟವಾಗಿದೆ. ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದು. 2023ರಲ್ಲಿ ಅದನ್ನು ತಿದ್ದಿ ಹೊಸದಾಗಿ ಕೊಟ್ಟಿದ್ದಾರೆ. ಕಿಡ್ನಿಗೆ ಸ್ಕ್ಯಾನ್, ಹೃದಯಕ್ಕೆ ಎಕೋ, ಕಿವಿ ಮತ್ತು ಕಣ್ಣಿನ ಪರೀಕ್ಷೆ, ಫಿಟ್ಸ್ ಅನುಮಾನ ಇದ್ದರೆ ಮಿದುಳಿನ ಅಲೆಗಳನ್ನು ನೋಡುವ ಇಇಜಿ ಪರೀಕ್ಷೆ ರಾತ್ರಿಯಿಡೀ, ಇವೆಲ್ಲ ಅದರಲ್ಲಿ ಬರುತ್ತವೆ. ನಮ್ಮ ಮಗಳು ಸುಮ್ನೆ ಶೂನ್ಯ ನೋಡುತ್ತಾಳೆ ಅಂದುಕೊಂಡಿದ್ದು ಫಿಟ್ಸ್ ಅಂತ ಗೊತ್ತಾದದ್ದು ಅಂಥ ಒಂದು ಇಇಜಿಯಲ್ಲೇ.

ಡಾಕ್ಟರುಗಳೇ, ಈಗ ಹೇಳುವುದನ್ನು ದಯವಿಟ್ಟು ಸ್ವಲ್ಪ ನಿಧಾನವಾಗಿ ಓದಿ.

ಅವಳಿಗೆ ಐದು ವರ್ಷ ಇದ್ದಾಗ ಒಂದು ಸಂಜೆ ಸ್ನಾನ ಮಾಡಿಸುತ್ತಿದ್ದೆ. ಕಾಲಿನ ಹೆಬ್ಬೆರಳು ನೀಲಿಗಟ್ಟಿ ಊದಿತ್ತು. ಒತ್ತಿದೆ. ಅವಳು ನಗುತ್ತಿದ್ದಳು, ನೀರು ಎರಚುತ್ತಿದ್ದಳು. ಎಕ್ಸ್‌ರೇ ತೆಗೆಸಿದರೆ ಮೂಳೆ ಮುರಿದಿತ್ತು. ಯಾವಾಗ ಆಯಿತೋ ಗೊತ್ತಿಲ್ಲ. ಅದೇ ಕಾಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಾಡಿದ್ದಳು, ಒಂದು ಸಲವೂ ಅತ್ತಿರಲಿಲ್ಲ. ಈ ಡಿಲೀಷನ್ ಇರುವ ಬಹಳ ಮಕ್ಕಳು ನೋವನ್ನು ನಮ್ಮ ಹಾಗೆ ತೋರಿಸುವುದಿಲ್ಲ. ಹಾಗಂತ ನೋವೇ ಆಗುವುದಿಲ್ಲ ಅಂತ ಹೇಳಲಾಗದು. ಆವತ್ತಿನಿಂದ ಪ್ರತಿ ದಿನ ಸ್ನಾನದ ಹೊತ್ತಿನಲ್ಲಿ ತಲೆಯಿಂದ ಕಾಲಿನವರೆಗೆ ಮೈ ತಡವಿ ನೋಡುತ್ತೇನೆ. ಉಗುರು, ಬೆರಳ ಸಂದು, ಕಿವಿಯ ಹಿಂದೆ, ಒಸಡು. ಇದನ್ನು ನನಗೆ ಯಾವ ಡಾಕ್ಟರೂ ಹೇಳಿಕೊಟ್ಟದ್ದಲ್ಲ, ಆ ಬೆರಳು ಕಲಿಸಿದ್ದು.

ಬೆವರೂ ಹಾಗೆಯೇ. ಅವಳು ಸರಿಯಾಗಿ ಬೆವರುವುದಿಲ್ಲ. ಬಿಸಿಲಲ್ಲಿ ಆಡಿದರೆ ಮುಖ ಕೆಂಪಾಗುತ್ತದೆ, ಚರ್ಮ ಒಣಗಿರುತ್ತದೆ, ಮೈ ಕಾದ ಹೆಂಚಿನ ಹಾಗಾಗುತ್ತದೆ. ಶಾಲೆಯಲ್ಲಿ ಜ್ವರ ಅಂತ ಮನೆಗೆ ಕಳಿಸುತ್ತಿದ್ದರು. ನೆರಳಿಗೆ ಕರೆದುಕೊಂಡು ಹೋಗಿ ಒದ್ದೆ ಬಟ್ಟೆ ಹಾಕಿದರೆ ಅರ್ಧ ಗಂಟೆಯಲ್ಲಿ ಇಳಿಯುತ್ತಿತ್ತು.

ಅಳದ ಮಗುವಿಗೆ, ಬಾಯಿಬಿಟ್ಟು ಹೇಳಲು ಬಾರದ ಮಗುವಿಗೆ ನೋವು ಬಂದರೆ ಅದು ನಡವಳಿಕೆಯಲ್ಲಿ ಕಾಣುತ್ತದೆ. ನಿದ್ದೆ ಕೆಡುತ್ತದೆ, ತಲೆ ಚಚ್ಚಿಕೊಳ್ಳುತ್ತದೆ, ಕಚ್ಚುತ್ತದೆ, ಕಲಿತದ್ದನ್ನು ಬಿಡುತ್ತದೆ. ಹೋದ ವರ್ಷ ನಮ್ಮವಳು ಮೂರು ವಾರ ಚಿತ್ರದ ಕಾರ್ಡುಗಳನ್ನು ಮುಟ್ಟಲೇ ಇಲ್ಲ. ಅವಳು ನಮ್ಮ ಜೊತೆ ಮಾತಾಡುವುದೇ ಆ ಕಾರ್ಡುಗಳಲ್ಲಿ. ನೀರು ಬೇಕಾದರೆ ಲೋಟದ ಚಿತ್ರ ತಂದು ನನ್ನ ಅಂಗೈಯಲ್ಲಿ ಇಡುತ್ತಾಳೆ, ಇಟ್ಟು ಬೆರಳುಗಳನ್ನು ಮಡಚಿ ಮುಚ್ಚುತ್ತಾಳೆ. ಆ ಮೂರು ವಾರ ಅದೂ ಇಲ್ಲ. ಒಬ್ಬರ ನಂತರ ಒಬ್ಬರು "ಇದು ಸಿಂಡ್ರೋಮ್‌ನದ್ದೇ" ಅಂದರು. ಕೊನೆಗೆ ಹಲ್ಲಿನ ಡಾಕ್ಟರ್ ಬಾಯಿ ತೆರೆಸಿ ನೋಡಿದರೆ ಹಿಂದಿನ ದವಡೆಯಲ್ಲಿ ಕೀವು. ಹಲ್ಲು ತೆಗೆದ ನಾಲ್ಕನೇ ದಿನ ಲೋಟದ ಚಿತ್ರ ಮತ್ತೆ ನನ್ನ ಕೈಗೆ ಬಂತು.

ಎಲ್ಲವನ್ನೂ ಸಿಂಡ್ರೋಮ್‌ನ ತಲೆಗೆ ಕಟ್ಟಬೇಡಿ ಅಂತ ನಾನು ಬೇಡಿಕೊಳ್ಳುವುದು ಅದಕ್ಕೇ. ಹಲ್ಲು ನೋಡಿ, ಕಿವಿ ನೋಡಿ, ಮಲಬದ್ಧತೆ ಇದೆಯೇ ಕೇಳಿ, ಮೂತ್ರ ಪರೀಕ್ಷೆ ಮಾಡಿಸಿ, ಹೊಟ್ಟೆಯ ಆಮ್ಲ ಮೇಲೆ ಬರುತ್ತಿದೆಯೇ ನೋಡಿ. ಇವೆಲ್ಲ ಸರಿ ಇದ್ದು, ಮಗು ಕಲಿತದ್ದನ್ನು ಕಳೆದುಕೊಳ್ಳುತ್ತಲೇ ಹೋದರೆ ಆಗಲೂ ಮುಂದೆ ಹುಡುಕುವುದಿದೆ. ಫಿಟ್ಸ್ ಜಾಸ್ತಿಯಾಗಿರಬಹುದು. ಹದಿವಯಸ್ಸಿನಲ್ಲಿ ಕೆಲವರಿಗೆ ಮನಸ್ಸಿನ ಕಾಯಿಲೆ ಶುರುವಾಗುತ್ತದೆ. ಕೆಲವರು ಕಟಟೋನಿಯಾ ಅನ್ನುವ ಸ್ಥಿತಿಗೆ ಹೋಗಿ ಮರಗಟ್ಟಿದ ಹಾಗೆ ಕೂರುತ್ತಾರೆ. ಅದಕ್ಕೆ ಚಿಕಿತ್ಸೆ ಇದೆ. ಇನ್ನೊಂದು ಅಪರೂಪದ್ದು: ಶ್ಯಾಂಕ್3 ಪಕ್ಕದಲ್ಲೇ ಎಆರ್‌ಎಸ್‌ಎ ಅಂತ ಒಂದು ಜೀನ್ ಇದೆ, ಬಹಳ ಮಕ್ಕಳಲ್ಲಿ ಅದೂ ಡಿಲೀಷನ್‌ನಲ್ಲಿ ಹೋಗಿರುತ್ತದೆ. ಉಳಿದ ಒಂದು ಪ್ರತಿಯಲ್ಲೂ ದೋಷ ಇದ್ದರೆ ಮಿದುಳಿನ ಬಿಳಿ ಭಾಗ ಸವೆಯುವ ಬೇರೆಯೇ ಕಾಯಿಲೆ ಬರುತ್ತದೆ. ಅದಕ್ಕೊಂದು ಎನ್‌ಜೈಮ್ ಪರೀಕ್ಷೆ ಇದೆ. ಏಳು ಡಾಕ್ಟರುಗಳಲ್ಲಿ ಇದನ್ನು ನೆನಪಿಡುವ ಹೊಣೆ ಯಾರದು? ನೋಡಿ, ಮತ್ತೆ ಅದೇ ಪ್ರಶ್ನೆಗೆ ಬಂದೆ.

ತಜ್ಞರನ್ನು ಹುಡುಕಿದ ಕಥೆಯನ್ನೂ ಸ್ವಲ್ಪ ಹೇಳಬೇಕು. ಇದೇ ಪತ್ರವನ್ನು ನಮ್ಮಂಥ ಬೇರೆ ಅಪ್ಪ ಅಮ್ಮಂದಿರೂ ಓದಬಹುದು. ಮೊದಲು ನಾವು ಈ ಸಿಂಡ್ರೋಮ್ ಬಲ್ಲ ಡಾಕ್ಟರ್ ಹತ್ತಿರದಲ್ಲೇ ಸಿಗಬೇಕು ಅಂತ ಹುಡುಕಿ ಸೋತೆವು. ಆಮೇಲೆ ಅರ್ಥ ಆಯಿತು, ನಮಗೆ ಬೇಕಾದದ್ದು ಇಬ್ಬರು. ಹತ್ತಿರದಲ್ಲೇ ಇರುವ, ಮಗಳನ್ನು ಚೆನ್ನಾಗಿ ಬಲ್ಲ ಒಬ್ಬ ಮಕ್ಕಳ ಡಾಕ್ಟರ್. ದೂರದಲ್ಲಿದ್ದರೂ ಸರಿ, ವರ್ಷಕ್ಕೊಮ್ಮೆ ನೋಡಿ ಅವರಿಗೆ ದಾರಿ ಹೇಳುವ ಒಬ್ಬ ಜೆನೆಟಿಕ್ಸ್ ತಜ್ಞ. ವೈದ್ಯಕೀಯ ಕಾಲೇಜುಗಳ ಜೊತೆಗಿರುವ ದೊಡ್ಡ ಆಸ್ಪತ್ರೆಗಳಲ್ಲಿ ಜೆನೆಟಿಕ್ಸ್ ವಿಭಾಗ ಸಿಗುವ ಸಾಧ್ಯತೆ ಜಾಸ್ತಿ. 1997ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ ಆರ್ಫಾನೆಟ್ ಎಂಬ ವೆಬ್‌ಸೈಟಿನಲ್ಲಿ ಅಪರೂಪದ ಕಾಯಿಲೆಗಳ ಮಾಹಿತಿ, ಅವನ್ನು ನೋಡುವ ಕೇಂದ್ರಗಳ ಪಟ್ಟಿ ಇದೆ. ಬ್ರಿಟನ್‌ನಲ್ಲಿ 1984ರಿಂದ ಇರುವ ಯೂನಿಕ್ ಎಂಬ ಸಂಸ್ಥೆ ಬಹಳಷ್ಟು ಕ್ರೋಮೋಸೋಮ್ ತೊಂದರೆಗಳಿಗೆ ಸರಳ ಭಾಷೆಯ ಕೈಪಿಡಿ ಮಾಡಿದೆ. ಈ ಸಿಂಡ್ರೋಮ್‌ಗೇ ಮೀಸಲಾದ ಫೌಂಡೇಶನ್ ಕೂಡ ಇದೆ. ಮಾರ್ಗಸೂಚಿ ಬರೆದ ವೈದ್ಯರ ಹೆಸರುಗಳು ಆ ಲೇಖನದ ಮೇಲೇ ಇರುತ್ತವೆ. ನಾನು ಅವರಲ್ಲಿ ಒಬ್ಬರಿಗೆ ಹೆದರುತ್ತಲೇ ಪತ್ರ ಬರೆದೆ. ಉತ್ತರ ಬಂತು.

ಆ ಉತ್ತರ ಬರಲು ಕಾರಣ ನನ್ನ ಒಂದು ಹಾಳೆ ಅಂತ ನನ್ನ ನಂಬಿಕೆ. ಮೊದಲೆಲ್ಲ ದಪ್ಪ ಫೈಲ್ ಹೊತ್ತು ತಿರುಗುತ್ತಿದ್ದೆ, ಯಾರೂ ತೆರೆಯುತ್ತಿರಲಿಲ್ಲ. ಈಗ ಮೇಲೆ ಒಂದೇ ಹಾಳೆ. ಎಲ್ಲಿಂದ ಎಲ್ಲಿಯವರೆಗೆ ತುಂಡು ಇಲ್ಲ ಅನ್ನುವ ವರದಿಯ ಆ ಸಾಲನ್ನು ಒಂದಕ್ಷರವೂ ಬಿಡದೆ ಬರೆದಿದ್ದೇನೆ. ಕೆಳಗೆ ಆದ ಪರೀಕ್ಷೆಗಳು, ತಾರೀಖುಗಳು, ಈಗಿನ ಔಷಧಿ, ಆಗದ ಔಷಧಿ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ: "ನೋವಾದರೆ ಅಳುವುದಿಲ್ಲ. ಬೆವರುವುದಿಲ್ಲ." ತುರ್ತು ವಿಭಾಗದಲ್ಲಿ ಈ ಎರಡು ಸಾಲು ನಮಗೆ ಎಷ್ಟು ಸಲ ನೆರವಾಗಿವೆಯೋ ಲೆಕ್ಕ ಇಲ್ಲ. ಇನ್ನೊಂದು ಮಾತು. ಸ್ಟೆಮ್ ಸೆಲ್ ಹಾಕಿ ಕ್ರೋಮೋಸೋಮ್ ತೊಂದರೆ ಗುಣ ಮಾಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಅದು ಆಗುವ ಮಾತಲ್ಲ.

ಆಸ್ಪತ್ರೆ ನಡೆಸುವವರಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ಇಂಥ ವರದಿ ಬಂದ ಪ್ರತಿ ಮಗುವಿಗೂ ಒಬ್ಬ ಡಾಕ್ಟರ್ ಹೆಸರು ಬರೆದುಕೊಡಿ. ಆ ಒಬ್ಬರು ಉಳಿದ ಆರು ಜನರ ಚೀಟಿ ಓದಲಿ. ಒಬ್ಬರು ಕೊಟ್ಟ ಔಷಧಿ ಇನ್ನೊಬ್ಬರ ಔಷಧಿಗೆ ಅಡ್ಡ ಬರುತ್ತದೆಯೇ ನೋಡಲಿ. ನಮ್ಮವಳಿಗೆ ಎಂಆರ್‌ಐಗೆ ಒಂದು ಸಲ, ಕಿವಿಯ ಬೇರಾ ಪರೀಕ್ಷೆಗೆ ಇನ್ನೊಂದು ಸಲ, ಹಲ್ಲಿಗೆ ಮತ್ತೊಂದು ಸಲ ಮಂಪರು ಕೊಟ್ಟರು, ಮೂರೂ ಆರು ತಿಂಗಳೊಳಗೆ. ಮೂರು ವಿಭಾಗದವರು ಒಮ್ಮೆ ಫೋನಿನಲ್ಲಿ ಮಾತಾಡಿಕೊಂಡಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತೇನೋ. ವರದಿಯನ್ನು ಬಾಗಿಲಲ್ಲಿ ನಿಂತು ಕೊಡಬೇಡಿ. ಕೂತು ಕೊಡಿ. ಒಂದು ವಾರ ಬಿಟ್ಟು ಮತ್ತೆ ಕರೆಯಿರಿ. ಮೊದಲ ದಿನ ನಮಗೆ ಏನೂ ಕೇಳಿಸಿರುವುದಿಲ್ಲ, ಪ್ರಶ್ನೆಗಳೆಲ್ಲ ಮನೆಗೆ ಹೋದ ಮೇಲೆ ಹುಟ್ಟುತ್ತವೆ.

"ಈ ಕಾಯಿಲೆ ನಾನು ನೋಡಿಲ್ಲ" ಅಂತ ಹೇಳಲು ಸಂಕೋಚ ಬೇಡ. ನಮಗೆ ಅದರಿಂದ ಬೇಜಾರಾಗುವುದಿಲ್ಲ. ನಮ್ಮ ಈಗಿನ ಮಕ್ಕಳ ಡಾಕ್ಟರ್ ಮೊದಲ ದಿನವೇ ಹಾಗೆ ಹೇಳಿದರು. "ನಾನು ಓದಿಕೊಂಡು ಬರುತ್ತೇನೆ, ಮುಂದಿನ ಗುರುವಾರ ಬನ್ನಿ" ಅಂದರು. ಗುರುವಾರ ಹೋದರೆ ಮೇಜಿನ ಮೇಲೆ ಆ ಮಾರ್ಗಸೂಚಿ ಇತ್ತು, ಅಲ್ಲಲ್ಲಿ ಪೆನ್ಸಿಲ್ ಗುರುತು ಹಾಕಿದ್ದರು. ಎಂಟು ವರ್ಷದಲ್ಲಿ ಮೊದಲ ಸಲ ನಾನು ಆಸ್ಪತ್ರೆಯಲ್ಲಿ ಕುರ್ಚಿಗೆ ಬೆನ್ನು ಒರಗಿಸಿ ಕೂತೆ.

ಅವರಿಗೆ ನಾನು ಕೇಳಿದ ಒಂದು ಪ್ರಶ್ನೆಗೆ ಮಾತ್ರ ಅವರ ಹತ್ತಿರವೂ ಉತ್ತರ ಇರಲಿಲ್ಲ. ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಇನ್ನು ಏಳು ವರ್ಷಕ್ಕೆ ಮಗಳಿಗೆ 18 ತುಂಬುತ್ತದೆ. ಆಗ ಅವಳು ಮಕ್ಕಳ ವಿಭಾಗಕ್ಕೆ ಬರುವ ಹಾಗಿಲ್ಲ. ದೊಡ್ಡವರ ವಿಭಾಗದಲ್ಲಿ ಅವಳ ಆ ಒಂದು ಹಾಳೆಯನ್ನು ಯಾರ ಕೈಗೆ ಕೊಡಬೇಕು? ಏಳು ವರ್ಷ ಇದೆ. ಈಗಲೇ ಒಬ್ಬರನ್ನು ಗೊತ್ತುಮಾಡಿ, ಈಗಿನ ಡಾಕ್ಟರ್ ಜೊತೆ ಒಮ್ಮೆಯಾದರೂ ಕೂರಿಸಿ. ನಾನು ಮಗಳನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ,
22ಕ್ಯೂ13.3 ಡಿಲೀಷನ್ ಇರುವ ಹುಡುಗಿಯ ತಾಯಿ